‘ಮೊನ್ನೆ ಹೇಗಿದ್ರು?’: ಆಂಬುಲೆನ್ಸ್ ಸಿಬ್ಬಂದಿಗೆ ವಯಸ್ಸಾದವರ ಆರೈಕೆ ಕಲಿಸುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ ಆಂಬುಲೆನ್ಸ್ ಹತ್ತುವ ಹುಡುಗ ಹುಡುಗಿಯರಿಗೆ ಪಾಠ ಹೇಳುತ್ತಾ ಒಂದು ವಿಷಯ ನೋಡಿದ್ದೇನೆ. ರಸ್ತೆ ಅಪಘಾತ ಅಂದರೆ ಅವರ ಕೈ ತಾನಾಗಿಯೇ ಓಡುತ್ತದೆ. ಹೆರಿಗೆ ಕೇಸ್‌ಗೂ ಹೆದರುವುದಿಲ್ಲ. ಆದರೆ ಎಂಬತ್ತು ದಾಟಿದ ಅಜ್ಜಿಯೊಬ್ಬರು ಮಂಚದ ಮೇಲೆ ಕೂತು "ಏನೋ ಒಂಥರಾ ಆಗ್ತಿದೆ ಕಣಪ್ಪಾ" ಅಂದರೆ ಏನು ಬರೆದುಕೊಳ್ಳಬೇಕು ಅಂತ ಗೊತ್ತಾಗದೆ ನಿಲ್ಲುತ್ತಾರೆ. ಬಿಪಿ ನೋಡುತ್ತಾರೆ, ಸರಿ ಇದೆ. ಶುಗರ್ ನೋಡುತ್ತಾರೆ, ಅದೂ ಸರಿ ಇದೆ. "ವಯಸ್ಸಾಯ್ತಲ್ಲ, ಹಾಗೇನೇ" ಅಂದುಬಿಡುತ್ತಾರೆ. ಆ ಮಾತನ್ನು ಅವರ ಬಾಯಿಂದ ಬಿಡಿಸುವುದೇ ಈ ತರಬೇತಿಯ ಕೆಲಸ.

ಕರ್ನಾಟಕದಲ್ಲಿ 108 ಆರೋಗ್ಯ ಕವಚ ಶುರುವಾಗಿದ್ದು 2008ರ ನವೆಂಬರ್‌ನಲ್ಲಿ. ಆಗ ಅರವತ್ತರ ಹೊಸ್ತಿಲಲ್ಲಿ ಇದ್ದವರು ಈಗ ಎಂಬತ್ತರ ಹತ್ತಿರ ಬಂದಿದ್ದಾರೆ. ಮಲ್ಲೇಶ್ವರ, ಬಸವನಗುಡಿ, ಜಯನಗರದ ಹಳೇ ಮನೆಗಳಲ್ಲಿ ಇಬ್ಬರೇ, ಎಷ್ಟೋ ಕಡೆ ಒಬ್ಬರೇ ಇದ್ದಾರೆ. ಮಕ್ಕಳು ಬೇರೆ ದೇಶದಲ್ಲಿ. ಅಂಥ ಮನೆಗೆ ಮೊದಲು ಕಾಲಿಡುವವರು ಇಎಂಟಿ (ಆಂಬುಲೆನ್ಸ್‌ನಲ್ಲಿ ತುರ್ತು ಚಿಕಿತ್ಸೆ ಕೊಡುವವರು) ಮತ್ತು ಪೈಲಟ್ (ಆಂಬುಲೆನ್ಸ್ ಓಡಿಸುವವರು). ಈ ಮಾರ್ಗದರ್ಶಿ ಇರುವುದು ಅವರಿಗೆ ಪಾಠ ಹೇಳುವವರಿಗೆ. ಆಸ್ಪತ್ರೆ ಆಂಬುಲೆನ್ಸ್ ನೋಡಿಕೊಳ್ಳುವವರಿಗೂ, ಅಪಾರ್ಟ್‌ಮೆಂಟ್ ಸಂಘದ ಪ್ರಥಮ ಚಿಕಿತ್ಸೆ ತಂಡಕ್ಕೂ ಉಪಯೋಗಕ್ಕೆ ಬರುತ್ತದೆ. ಔಷಧ ಕೊಡುವ ವಿಷಯದಲ್ಲಿ ಮಾತ್ರ ನಿಮ್ಮ ಸಂಸ್ಥೆಯ ಡಾಕ್ಟರು ಹಾಕಿದ ನಿಯಮವೇ ಕೊನೆ.

ತಯಾರಿ

ಐದು ಅರ್ಧ ದಿನ ಸಾಕು. ಒಂದು ತಂಡಕ್ಕೆ 12 ಜನಕ್ಕಿಂತ ಜಾಸ್ತಿ ಬೇಡ. ನೈಟ್ ಡ್ಯೂಟಿ ಮುಗಿಸಿ ಬಂದವರನ್ನು ಕೂರಿಸಬೇಡಿ, ಅವರ ತಲೆಗೆ ಏನೂ ಹೋಗುವುದಿಲ್ಲ. ಪೈಲಟ್‌ಗಳನ್ನು ಖಂಡಿತ ಕರೆಯಿರಿ. ಎತ್ತುವುದು, ಇಳಿಸುವುದು, ಮನೆಯವರ ಹತ್ತಿರ ಮಾತಾಡುವುದು, ಅರ್ಧ ಕೆಲಸ ಅವರದ್ದೇ ಅಲ್ವಾ?

ಬೇಕಾದ ಸಾಮಾನು ಕಡಿಮೆ. ಹಳದಿ ಜಿಲೇಟಿನ್ ಕಾಗದ, ಹತ್ತಿ, ಕೈಗವಸು, ಕ್ರೇಪ್ ಬ್ಯಾಂಡೇಜ್, ಒಂದು ಹಿಡಿ ಒಣ ಬಟಾಣಿ. ಜೊತೆಗೆ ಖಾಲಿ ಮಾತ್ರೆ ಸ್ಟ್ರಿಪ್ ತುಂಬಿದ ಒಂದು ಸ್ಟೀಲ್ ಡಬ್ಬಿ. ಎಲ್ಲಕ್ಕಿಂತ ಮುಖ್ಯ, ಪಾಠಕ್ಕೆ ಬಂದು ರೋಗಿಯಾಗಿ ನಟಿಸಲು ಒಪ್ಪುವ ಇಬ್ಬರು ಮೂವರು ನಿಜವಾದ ಹಿರಿಯರು. ಪಾರ್ಕಿನಲ್ಲಿ ಬೆಳಿಗ್ಗೆ ವಾಕಿಂಗ್ ಬರುವವರನ್ನು ಕೇಳಿ ನೋಡಿ, ಖುಷಿಯಿಂದ ಬರುತ್ತಾರೆ. ಗೊಂಬೆಯ ಮೇಲೆ ಕಲಿತಿದ್ದು ಗೊಂಬೆಗೇ ಸರಿ.

ಹೆಜ್ಜೆ 1: ಅರ್ಧ ಗಂಟೆ ಮುದುಕರಾಗಲಿ

ಮೊದಲ ದಿನ ಸ್ಲೈಡ್ ಹಾಕಬೇಡಿ. ಕನ್ನಡಕಕ್ಕೆ ಹಳದಿ ಕಾಗದ ಅಂಟಿಸಿ. ಕಿವಿಗೆ ಹತ್ತಿ ಇಡಿ. ಎರಡೆರಡು ಜೊತೆ ಕೈಗವಸು ಹಾಕಿಸಿ. ಮೊಣಕಾಲಿಗೆ ಬ್ಯಾಂಡೇಜ್ ಬಿಗಿಯಾಗಿ ಸುತ್ತಿ, ಶೂ ಒಳಗೆ ಬಟಾಣಿ ಹಾಕಿ. ಆಮೇಲೆ ಮೂರು ಕೆಲಸ ಕೊಡಿ: ಮಾತ್ರೆ ಸ್ಟ್ರಿಪ್ ಮೇಲಿನ ಹೆಸರು ಓದುವುದು, ಒಂದು ಮಾತ್ರೆ ಬಿಡಿಸುವುದು, ನೆಲದಿಂದ ಏಳುವುದು.

ಅವರು ಒದ್ದಾಡುವಾಗ ಇನ್ನೊಬ್ಬರು ಪಕ್ಕದಲ್ಲಿ ನಿಂತು "ಬೇಗ ಬೇಗ, ಆಧಾರ್ ಎಲ್ಲಿ, ಏನ್ ಮಾತ್ರೆ ತಗೋತೀರಿ, ಯಾವಾಗಿಂದ ನೋವು" ಅಂತ ಒಂದೇ ಉಸಿರಿನಲ್ಲಿ ಕೇಳಲಿ. ನನ್ನ ತಂಡದಲ್ಲಿ ಒಬ್ಬ ಹುಡುಗ ಸ್ಟ್ರಿಪ್ ಹಿಡಿದುಕೊಂಡು ಬೆಳಕಿಗೆ ತಿರುಗಿಸಿ, ಹತ್ತಿರ ತಂದು, ದೂರ ಹಿಡಿದು, ಕೊನೆಗೆ ಮೇಜಿನ ಮೇಲೆ ಇಟ್ಟುಬಿಟ್ಟ. "ಸಾರ್, ನಮ್ಮಜ್ಜಿ ದಿನಾ ಹೀಗೇ ಮಾಡ್ತಾರೆ, ನಾನು ಬೈತಿದ್ದೆ" ಅಂದ. ಅವತ್ತು ನಾನು ಬೇರೇನೂ ಹೇಳಬೇಕಾಗಲಿಲ್ಲ.

ಹೆಜ್ಜೆ 2: ಮನೆಯೊಳಗಿನ ಮೊದಲ ಎರಡು ನಿಮಿಷ

ಶೂ ಬಿಚ್ಚಲು ಸಮಯ ಇರುವುದಿಲ್ಲ. ಆದರೆ "ಶೂ ಹಾಕ್ಕೊಂಡೇ ಬರ್ತಿದ್ದೀವಮ್ಮಾ, ಬೇಜಾರು ಮಾಡ್ಕೋಬೇಡಿ" ಅನ್ನಲು ಎರಡು ಸೆಕೆಂಡ್ ಸಾಕು. ಇದನ್ನೂ ಅಭ್ಯಾಸ ಮಾಡಿಸಿ.

ಆಮೇಲೆ ಮಂಡಿಯೂರಿ, ಅವರ ಕಣ್ಣಿನ ಮಟ್ಟಕ್ಕೆ ಬರಬೇಕು. ನಮ್ಮ ಮುಖದ ಮೇಲೆ ಬೆಳಕು ಬೀಳಬೇಕು, ಎಷ್ಟೋ ಜನ ತುಟಿ ನೋಡಿಯೇ ಅರ್ಥ ಮಾಡಿಕೊಳ್ಳುತ್ತಾರೆ. ಕಿರುಚಬಾರದು. ಕಿವಿ ಮಂದವಾದವರಿಗೆ ಮೊದಲು ಕೇಳಿಸದೆ ಹೋಗುವುದು ಕೀರಲು ದನಿ, ಹಾಗಾಗಿ ದಪ್ಪ ದನಿಯಲ್ಲಿ ನಿಧಾನವಾಗಿ ಮಾತಾಡಬೇಕು. ಒಂದು ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಹತ್ತು ಎಣಿಸಬೇಕು. ಉತ್ತರ ಬರುವುದು ಸಾಮಾನ್ಯವಾಗಿ ಏಳೆಂಟಕ್ಕೆ. ನಮ್ಮವರು ಮೂರಕ್ಕೇ ಎರಡನೇ ಪ್ರಶ್ನೆ ಹಾಕಿರುತ್ತಾರೆ.

ಕರೆಯುವ ರೀತಿಯನ್ನೂ ಕಲಿಸಬೇಕು. "ಏನಜ್ಜಿ, ಏನಾಯ್ತು?" ಅನ್ನುವುದು ಎಲ್ಲರಿಗೂ ಹಿಡಿಸುವುದಿಲ್ಲ. "ಅಮ್ಮಾ", "ಯಜಮಾನ್ರೇ" ಅಂದರೆ ತಪ್ಪಾಗುವುದಿಲ್ಲ. ಗೋಡೆಯ ಮೇಲೆ ಶಾಲೆಯ ಸನ್ಮಾನದ ಫೋಟೋ ಕಂಡರೆ "ಮೇಷ್ಟ್ರೇ" ಅಂತ ಕರೆದು ನೋಡಿ, ಮುಖ ಅರಳುತ್ತದೆ. ಬಹುವಚನ ತಪ್ಪಲೇಬಾರದು. ಮಗ ಸೊಸೆ ಪಕ್ಕದಲ್ಲಿ ನಿಂತು ಉತ್ತರ ಕೊಡುತ್ತಿದ್ದರೂ ಮೊದಲ ಪ್ರಶ್ನೆ ರೋಗಿಗೇ ಇರಲಿ.

ಈ ನಡುವೆ ಇನ್ನೊಬ್ಬರ ಕಣ್ಣು ಮನೆಯ ಮೇಲೆ ಇರಬೇಕು. ಬಚ್ಚಲಲ್ಲಿ ನೀರು ನಿಂತಿದೆಯಾ? ಹೊಸ್ತಿಲು ಎತ್ತರವಾ? ಫ್ರಿಜ್ಜಿನಲ್ಲಿ ಊಟ ಇದೆಯಾ? ಅಮೆರಿಕದ ಆಂಬುಲೆನ್ಸ್ ತರಬೇತಿಯಲ್ಲಿ ಇದಕ್ಕೆ ಜೆಮ್ಸ್ ಡೈಮಂಡ್ ಅನ್ನುವ ಚೌಕಟ್ಟು ಇದೆ. ವಯಸ್ಸಾದ ದೇಹವೇ ಬೇರೆ ಅನ್ನುವುದು ಒಂದು ಮೂಲೆ. ಮನೆ, ಕಾಯಿಲೆ, ಸುತ್ತಲಿನ ಜನ ಉಳಿದ ಮೂರು ಮೂಲೆ. ಹೆಸರು ನೆನಪಿರದಿದ್ದರೂ ಪರವಾಗಿಲ್ಲ, ನಾಲ್ಕನ್ನೂ ನೋಡಿದರೆ ಆಯ್ತು.

ಹೆಜ್ಜೆ 3: ಒಂದೇ ಪ್ರಶ್ನೆ

ಇಡೀ ತರಬೇತಿಯಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕು ಅಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ: "ಮೊನ್ನೆ ಹೇಗಿದ್ರು?"

ಇಪ್ಪತ್ತೈದರ ಹುಡುಗರ ದೇಹ ಹೆಚ್ಚು ಕಡಿಮೆ ಒಂದೇ ಥರ ನಡೆಯುತ್ತದೆ. ಎಂಬತ್ತರಲ್ಲಿ ಒಬ್ಬರು ಲಾಲ್‌ಬಾಗ್ ಸುತ್ತಿ ಬರುತ್ತಾರೆ, ಇನ್ನೊಬ್ಬರು ವರ್ಷದಿಂದ ಹಾಸಿಗೆ ಬಿಟ್ಟು ಎದ್ದಿರುವುದಿಲ್ಲ. ಆದ್ದರಿಂದ ಪುಸ್ತಕದ ಅಳತೆಗೆ ಹೋಲಿಸಿದರೆ ಪ್ರಯೋಜನ ಇಲ್ಲ, ಅವರನ್ನು ಅವರಿಗೇ ಹೋಲಿಸಬೇಕು. ಹೋದ ವಾರ ಟಾಯ್ಲೆಟ್‌ಗೆ ತಾವೇ ಹೋಗುತ್ತಿದ್ದರಾ? ಪೇಪರ್ ಓದುತ್ತಿದ್ದರಾ? ಮುದ್ದೆ ಪೂರ್ತಿ ಊಟ ಮಾಡುತ್ತಿದ್ದರಾ? ಮೊಮ್ಮಗನ ಹೆಸರು ಹಿಡಿದು ಕರೆಯುತ್ತಿದ್ದರಾ? "ಎಂಬತ್ತೆರಡು ವರ್ಷ, ನಡೆಯಲು ಆಗುತ್ತಿಲ್ಲ" ಅಂತ ಬರೆದರೆ ಅದು ವಯಸ್ಸು. "ನಿನ್ನೆ ಸಂಜೆ ದೇವಸ್ಥಾನಕ್ಕೆ ನಡೆದು ಹೋಗಿದ್ದರು, ಇವತ್ತು ಬೆಳಿಗ್ಗೆ ನಿಲ್ಲಲು ಆಗುತ್ತಿಲ್ಲ" ಅಂತ ಬರೆದರೆ ಅದು ಎಮರ್ಜೆನ್ಸಿ.

ಒಬ್ಬರೇ ಇರುವ ಮನೆಯಲ್ಲಿ ಯಾರನ್ನು ಕೇಳುವುದು? ಮನೆ ಕೆಲಸದವರು, ಹೂವಿನವರು, ವಾಚ್‌ಮನ್, ಎದುರು ಮನೆಯವರು, ಇವರಿಗೆ ಗೊತ್ತಿರುವಷ್ಟು ಎಷ್ಟೋ ಸಲ ಮಕ್ಕಳಿಗೂ ಗೊತ್ತಿರುವುದಿಲ್ಲ. ಯಾರೂ ಇಲ್ಲದಿದ್ದರೆ ಗೇಟನ್ನು ನೋಡಬೇಕು. ಒಂದು ನಂದಿನಿ ಹಾಲಿನ ಪ್ಯಾಕೆಟ್ ಬಿದ್ದಿದ್ದರೆ ಇವತ್ತು ಬೆಳಿಗ್ಗೆಯಿಂದ ಹೊರಗೆ ಬಂದಿಲ್ಲ. ಎರಡು ಇದ್ದು, ಒಂದು ಉಬ್ಬಿಕೊಂಡಿದ್ದರೆ ನಿನ್ನೆಯಿಂದಲೇ ಏನೋ ಆಗಿದೆ. ಲಕ್ವ ಹೊಡೆದವರಿಗೆ ಇದು ತುಂಬಾ ಮುಖ್ಯ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡುವುದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ. ಆ ಗಡಿಯಾರ ಓಡುವುದು ರೋಗಿ ಸಿಕ್ಕ ಹೊತ್ತಿನಿಂದ ಅಲ್ಲ, ಕೊನೆಯ ಬಾರಿ ಚೆನ್ನಾಗಿದ್ದ ಹೊತ್ತಿನಿಂದ.

ಹೆಜ್ಜೆ 4: ಅವರು ಆಡುವ ಮಾತು, ಅದರ ಹಿಂದಿನ ಕಾಯಿಲೆ

ಇದಕ್ಕೆ ಒಂದು ಪೂರ್ತಿ ಅರ್ಧ ದಿನ ಕೊಡಿ. ಪುಸ್ತಕದಲ್ಲಿ ‘ಎದೆನೋವು’ ಅಂತ ಇರುತ್ತದೆ. ವಯಸ್ಸಾದವರಲ್ಲಿ, ಅದರಲ್ಲೂ ಶುಗರ್ ಇರುವವರಲ್ಲಿ, ಎದೆನೋವೇ ಇಲ್ಲದೆ ಹಾರ್ಟ್ ಅಟ್ಯಾಕ್ ಆಗಬಹುದು. ಅವರು ಹೇಳುವುದು "ಸಂಕಟ ಆಗ್ತಿದೆ", "ಮೇಲುಸಿರು ಬರ್ತಿದೆ", "ಕೈಕಾಲು ಸೋತು ಹೋಗಿದೆ", "ಹೊಟ್ಟೆ ತೊಳೆಸ್ತಿದೆ". ಎಲ್ಲಕ್ಕಿಂತ ಅಪಾಯದ ಮಾತು "ಬರೀ ಗ್ಯಾಸು". ಊರಲ್ಲೆಲ್ಲ ಗ್ಯಾಸ್ಟ್ರಿಕ್ ಅನ್ನುವ ಒಂದು ಪದದೊಳಗೆ ಎಷ್ಟು ಹಾರ್ಟ್ ಅಟ್ಯಾಕ್ ಮುಚ್ಚಿಹೋಗುತ್ತವೋ! ಜೀರಿಗೆ ಕಷಾಯ, ಸೋಡಾ ಎಲ್ಲ ಆದಮೇಲೆ ನಮಗೆ ಫೋನ್ ಬರುತ್ತದೆ. ನಿಯಮ ಸರಳ: ಅರವತ್ತು ದಾಟಿದವರು ಹೊಕ್ಕುಳಿಂದ ಮೇಲೆ ಎಲ್ಲಿ ಏನೇ ಅಂದರೂ, ದಿಢೀರನೆ ಸುಸ್ತಾದರೂ, ಇಸಿಜಿ ಇರುವ ಗಾಡಿಯಲ್ಲಿ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು.

"ತಲೆ ಸುತ್ತು" ಅಂದರೆ ಬಿಡಿಸಿ ಕೇಳಬೇಕು. ಕೋಣೆಯೇ ಗಿರ್ರನೆ ತಿರುಗುತ್ತದಾ, ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತದಾ, ನಡೆಯುವಾಗ ಒಂದು ಕಡೆ ವಾಲುತ್ತದಾ? ಮೊದಲನೆಯದು ಕಿವಿಯದ್ದಿರಬಹುದು, ಎರಡನೆಯದು ಬಿಪಿ ಇಳಿದಿರಬಹುದು, ಮೂರನೆಯದು ಲಕ್ವ ಆಗಿರಬಹುದು. ಮಾತಿಗಷ್ಟೇ ನಂಬಿ ಕೂರದೆ ನಿಲುವು, ಕಣ್ಣು, ಕೈಯ ಹಿಡಿತವನ್ನೂ ನೋಡಿಸಬೇಕು.

ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ ಅಂದರೆ ನಮ್ಮ ಅಜ್ಜಿಯರಿಗೆ ಅರ್ಥವಾಗುವುದಿಲ್ಲ. "ಸ್ವಲ್ಪಾನಾ, ಜಾಸ್ತಿನಾ, ತಡ್ಕೊಳ್ಳೋಕೆ ಆಗ್ತಿಲ್ವಾ?" ಅಂತ ಕೇಳಿ. ಹಿಂಡಿದ ಹಾಗಾ, ಚುಚ್ಚಿದ ಹಾಗಾ, ಉರಿಯಾ, ಜೋಮಾ ಅಂತ ಕೇಳಿ. ಇಷ್ಟೇ ಮಾತನ್ನು ತಮಿಳು, ತೆಲುಗು, ಉರ್ದುವಿನಲ್ಲೂ ಕಲಿಸಿಬಿಡಿ. ಬೆಂಗಳೂರಿನಲ್ಲಿ ಬೇಕೇ ಬೇಕು.

ಹೆಜ್ಜೆ 5: ಮೋಸ ಮಾಡುವ ನಂಬರ್‌ಗಳು

ಬಿಪಿ 118 ಕಂಡರೆ ಹುಡುಗರಿಗೆ ಸಮಾಧಾನ. ಆದರೆ ಈ ಅಮ್ಮನ ಬಿಪಿ ದಿನಾ 160 ಇರುತ್ತಿತ್ತು ಅಂತಾದರೆ 118 ಅಂದರೆ ಎಲ್ಲೋ ರಕ್ತ ಸೋರುತ್ತಿರಬಹುದು. 65 ದಾಟಿದವರಿಗೆ ಏಟು ಬಿದ್ದಾಗ ಮೇಲಿನ ಬಿಪಿ 110ಕ್ಕಿಂತ ಕೆಳಗಿದ್ದರೆ ಅದನ್ನು ಅಪಾಯ ಅಂತಲೇ ಎಣಿಸಬೇಕು, 90ರವರೆಗೆ ಕಾಯಬಾರದು. ಮೆಟೊಪ್ರೊಲಾಲ್, ಅಟೆನೊಲಾಲ್ ಥರದ, ನಾಡಿ ಇಳಿಸುವ ಮಾತ್ರೆ ತಗೊಳ್ಳುವವರ ನಾಡಿ, ರಕ್ತ ಹೋಗುತ್ತಿದ್ದರೂ ಓಡುವುದಿಲ್ಲ. ಸೋಂಕು ರಕ್ತಕ್ಕೆ ಏರಿದ್ದರೂ ಮೈ ಬಿಸಿ ಇಲ್ಲದಿರಬಹುದು, ತಣ್ಣಗೂ ಇರಬಹುದು. ಆದರೆ ಉಸಿರು ಅಷ್ಟು ಸುಲಭಕ್ಕೆ ಸುಳ್ಳು ಹೇಳುವುದಿಲ್ಲ. ವಾಚ್ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸುವುದನ್ನು ರೂಢಿ ಮಾಡಿಸಿ. 22 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಎಚ್ಚರ.

ಆಕ್ಸಿಜನ್ 94ಕ್ಕಿಂತ ಕಡಿಮೆ ಇದ್ದರೆ ಕೊಡುತ್ತೇವೆ. ಆದರೆ ಬೀಡಿ ಸೇದಿಯೋ ಸೌದೆ ಒಲೆ ಊದಿಯೋ ಶ್ವಾಸಕೋಶ ಹಾಳಾದವರಿಗೆ 88ರಿಂದ 92ರ ನಡುವೆ ಇದ್ದರೆ ಸಾಕು. ಅವರಿಗೆ ಜಾಸ್ತಿ ಕೊಟ್ಟರೆ ಮಂಪರು ಬರುತ್ತದೆ.

ಶುಗರ್ 70ಕ್ಕಿಂತ ಕೆಳಗಿಳಿದಿದ್ದು, ಸಕ್ಕರೆ ಕೊಟ್ಟಮೇಲೆ ಎದ್ದು ಕೂತು "ನಾನು ಚೆನ್ನಾಗಿದ್ದೀನಿ, ಕಾಫಿ ಕುಡಿದು ಹೋಗಿ" ಅಂದರೂ ಬಿಟ್ಟು ಬರಬೇಡಿ. ಗ್ಲಿಮೆಪಿರೈಡ್ ಥರದ ಮಾತ್ರೆ ತಿಂದವರಲ್ಲಿ ಶುಗರ್ ಗಂಟೆಗಟ್ಟಲೆ ಮತ್ತೆ ಮತ್ತೆ ಇಳಿಯುತ್ತದೆ. ಇನ್ನೊಂದು ಮಾತು: ಕೈ ಬಿದ್ದಿದೆ, ಮಾತು ತೊದಲುತ್ತಿದೆ ಅಂದರೂ ಮೊದಲು ಶುಗರ್ ನೋಡಬೇಕು. ಶುಗರ್ ಇಳಿದಾಗಲೂ ಥೇಟ್ ಲಕ್ವದ ಹಾಗೇ ಕಾಣುತ್ತದೆ.

ಹೆಜ್ಜೆ 6: ಬಿದ್ದವರು, ಮತ್ತು ಮಾತ್ರೆ ಡಬ್ಬಿ

ನಾನು ಕೆಲಸಕ್ಕೆ ಹೊಸಬನಾಗಿದ್ದಾಗ ಒಂದು ಬೆಳಿಗ್ಗೆ ಹಳೇ ಬಡಾವಣೆಯ ಮನೆಯೊಂದಕ್ಕೆ ಹೋದೆವು. ಬಚ್ಚಲಿನ ಹೊಸ್ತಿಲಲ್ಲಿ ಅಜ್ಜಿ ಜಾರಿದ್ದರು. ಕೆಂಪು ನೆಲದ ಮೇಲೆ ಒದ್ದೆ ಸೀರೆಯಲ್ಲಿ ಕೂತಿದ್ದರು. ಹಣೆಯ ಪಕ್ಕ ಸಣ್ಣ ಬುಗುಟು, ಅಷ್ಟೇ. ಬಿಪಿ, ಶುಗರ್ ಸರಿ ಇತ್ತು. ಚೆನ್ನಾಗಿಯೇ ಮಾತಾಡುತ್ತಿದ್ದರು. ಎತ್ತಿ ಕುರ್ಚಿಯಲ್ಲಿ ಕೂರಿಸಿ, ಸಹಿ ತಗೊಂಡು ಬಂದೆವು. ಮಾರನೇ ದಿನ ಅದೇ ಮನೆಯಿಂದ ಮತ್ತೆ ಕರೆ. ಅವರಿಗೆ ಪ್ರಜ್ಞೆ ಇರಲಿಲ್ಲ. ಮೆದುಳಿನಲ್ಲಿ ರಕ್ತಸ್ರಾವ. ಫ್ರಿಜ್ ಮೇಲೆ ಇದ್ದ ಸ್ಟೀಲ್ ಡಬ್ಬಿಯನ್ನು ಎರಡನೇ ದಿನ ತೆಗೆದು ನೋಡಿದೆ. ಅಸಿಟ್ರೋಮ್ ಇತ್ತು, ರಕ್ತ ತೆಳು ಮಾಡುವ ಮಾತ್ರೆ. ಆ ಡಬ್ಬಿ ಮೊದಲ ದಿನವೂ ಅಲ್ಲೇ ಇತ್ತು.

ಅದಕ್ಕೇ ನಾನು ಡಬ್ಬಿಯ ಅಭ್ಯಾಸವನ್ನು ಬಿಡುವುದಿಲ್ಲ. ಖಾಲಿ ಸ್ಟ್ರಿಪ್‌ಗಳನ್ನು ಸುರಿದು, ಮೂರು ನಿಮಿಷದಲ್ಲಿ ನಾಲ್ಕು ಗುಂಪು ಮಾಡಲು ಹೇಳಿ. ರಕ್ತ ತೆಳು ಮಾಡುವುದು (ವಾರ್ಫರಿನ್, ಅಸಿಟ್ರೋಮ್, ಕ್ಲೊಪಿಡೊಗ್ರೆಲ್, ಅಪಿಕ್ಸಬಾನ್, ಆಸ್ಪಿರಿನ್), ಶುಗರ್ ಇಳಿಸುವುದು, ನಾಡಿ ಮತ್ತು ಬಿಪಿ ಇಳಿಸುವುದು, ನಿದ್ದೆ ಬರಿಸುವುದು. ಮೊದಲ ಗುಂಪಿನ ಮಾತ್ರೆ ಇದ್ದು ತಲೆಗೆ ಸಣ್ಣ ಏಟು ಬಿದ್ದಿದ್ದರೂ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಕರೆದೊಯ್ಯಬೇಕು. ಒಂದೇ ಔಷಧ ಎರಡು ಕಂಪನಿ ಹೆಸರಿನಲ್ಲಿ ಎರಡು ಸಲ ಸೇರಿರುತ್ತದೆ, ಅದನ್ನೂ ಹುಡುಕಲಿ. ನಾಟಿ ಔಷಧ, ಕಷಾಯ ಬೈಯದೆ ಕೇಳಿದರೆ ಮಾತ್ರ ಹೇಳುತ್ತಾರೆ. ಕೊನೆಗೆ ಡಬ್ಬಿಯನ್ನೇ ಆಸ್ಪತ್ರೆಗೆ ಒಯ್ಯಿರಿ.

ಬಿದ್ದವರನ್ನು ನೋಡಿದಾಗ ಎರಡು ಪ್ರಶ್ನೆ: ಯಾಕೆ ಬಿದ್ದರು, ಎಷ್ಟು ಹೊತ್ತು ಬಿದ್ದಿದ್ದರು? ಜಾರಿ ಬಿದ್ದಿದ್ದು ಬೇರೆ, ಕಣ್ಣು ಕತ್ತಲೆ ಬಂದು ಬಿದ್ದಿದ್ದು ಬೇರೆ. ಎರಡನೆಯದಕ್ಕೆ ಇಸಿಜಿ ಬೇಕು. ಗಂಟೆಗಿಂತ ಜಾಸ್ತಿ ನೆಲದ ಮೇಲಿದ್ದರೆ ಸ್ನಾಯು ಜಜ್ಜಿಹೋಗಿ ಕಿಡ್ನಿಗೆ ಪೆಟ್ಟಾಗಬಹುದು, ಮೈ ತಣ್ಣಗಾಗಿರಬಹುದು, ಅದನ್ನು ಬರೆದು ತಿಳಿಸಬೇಕು.

ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದಿದೆ ಅಂತಲೇ ತಿಳಿಯಬೇಕು. ನೇರ ಮಾಡಲು ಎಳೆಯಬಾರದು. ಕಾಲುಗಳ ನಡುವೆ ದಿಂಬು ಇಟ್ಟು, ಸ್ಕೂಪ್ ಸ್ಟ್ರೆಚರ್‌ನಲ್ಲಿ (ಎರಡು ಭಾಗವಾಗಿ ಬಿಚ್ಚಿ ಎರಡೂ ಪಕ್ಕದಿಂದ ಮೈ ಕೆಳಗೆ ಸೇರಿಸುವ ಸ್ಟ್ರೆಚರ್) ಎತ್ತಬೇಕು. ನೋವು ಕಡಿಮೆ ಮಾಡುವುದನ್ನು ಮುಂದೂಡಬೇಡಿ, ಎತ್ತುವ ಮುಂಚೆಯೇ ಡಾಕ್ಟರನ್ನು ಕೇಳಿ ಕೊಡಿ. ಬೆನ್ನು ಗೂನಾದವರನ್ನು ಗಟ್ಟಿ ಬೋರ್ಡ್ ಮೇಲೆ ಚಪ್ಪಟೆ ಮಲಗಿಸಿದರೆ ಕುತ್ತಿಗೆ ಹಿಂದಕ್ಕೆ ಬಾಗುತ್ತದೆ. ತಲೆ ಕೆಳಗೆ ಬೆಡ್‌ಶೀಟ್ ಮಡಚಿ ಇಟ್ಟು, ಅವರ ಗೂನಿಗೆ ತಕ್ಕ ಹಾಗೆ ಮಲಗಿಸಬೇಕು. ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು, ಆಸ್ಪತ್ರೆಯಲ್ಲೂ ಕಾಯುತ್ತಾ ಅದೇ ಬೋರ್ಡ್ ಮೇಲೆ ಒಂದೆರಡು ಗಂಟೆ ಕಳೆದರೆ ಬೆನ್ನಿನ ಚರ್ಮ ಒಡೆಯಲು ಶುರುವಾಗುತ್ತದೆ. ಬೋರ್ಡ್ ಎತ್ತಲು ಮಾತ್ರ, ಮಲಗಿಸಲು ಅಲ್ಲ.

ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು. ತೋಳು ಹಿಡಿದು ಎಳೆಯುವುದು ಬೇಡ, ಪ್ಲಾಸ್ಟರ್ ನೇರ ಅಂಟಿಸುವುದು ಬೇಡ.

ಹೆಜ್ಜೆ 7: ಅರಳು ಮರಳಾ, ಸನ್ನಿನಾ?

ಅರವತ್ತಕ್ಕೆ ಅರಳು ಮರಳು ಅಂತ ಗಾದೆ ಇದೆ. ಆಂಬುಲೆನ್ಸ್‌ನಲ್ಲಿ ಈ ಗಾದೆ ಜೀವ ತೆಗೆಯುತ್ತದೆ. ಮರೆವಿನ ಕಾಯಿಲೆ ತಿಂಗಳು, ವರ್ಷಗಳಲ್ಲಿ ಮೆಲ್ಲಗೆ ಬರುತ್ತದೆ. ಸನ್ನಿ, ಅಂದರೆ ದಿಢೀರನೆ ಬುದ್ಧಿ ಗೊಂದಲವಾಗುವುದು (ಡೆಲಿರಿಯಂ), ಗಂಟೆ, ದಿನಗಳಲ್ಲಿ ಬರುತ್ತದೆ, ಹೊತ್ತಿಗೊಂದು ಥರ ಇರುತ್ತದೆ. ಸನ್ನಿ ಅಂದರೆ ಒಳಗೆ ಬೇರೇನೋ ಕಾಯಿಲೆ ಇದೆ ಅಂತ: ಮೂತ್ರದ ಸೋಂಕು, ನ್ಯುಮೋನಿಯಾ, ಉಪ್ಪಿನಂಶ ಇಳಿದಿರುವುದು, ಮೂತ್ರ ಕಟ್ಟಿರುವುದು, ಹೊಸ ಮಾತ್ರೆ. ವಾರದ ದಿನಗಳನ್ನು ಭಾನುವಾರದಿಂದ ಹಿಂದಕ್ಕೆ ಹೇಳಿಸಿ ನೋಡಿ. ಮಧ್ಯದಲ್ಲಿ ಗಮನ ಜಾರಿಹೋದರೆ ಸನ್ನಿಯ ಅನುಮಾನ ಪಡಬೇಕು.

ಕೂಗಾಡುವ ಸನ್ನಿ ಎಲ್ಲರಿಗೂ ಕಾಣುತ್ತದೆ. ಮಂಕಾಗಿ, ಸುಮ್ನೆ ಮಲಗಿರುವವರದ್ದು ತಪ್ಪಿಹೋಗುತ್ತದೆ. "ಪಾಪ, ಎರಡು ದಿನದಿಂದ ಏನೂ ತೊಂದರೆ ಕೊಡದೆ ಮಲಗಿದ್ದಾರೆ" ಅಂತ ಮನೆಯವರು ಹೇಳಿದರೆ ಕಿವಿ ನಿಮಿರಬೇಕು.

ಮರೆವಿನ ಕಾಯಿಲೆ ಇರುವವರ ಜೊತೆ ವಾದ ಮಾಡಬಾರದು. "ಅಮ್ಮನ ಮನೆಗೆ ಹೋಗಬೇಕು" ಅಂದರೆ "ನಿಮ್ಮಮ್ಮ ಎಲ್ಲಿದ್ದಾರೆ ಈಗ" ಅಂತ ತಿದ್ದುವುದು ಬೇಡ. "ಗಾಡಿ ಬಂದಿದೆ, ಹೋಗೋಣ ಬನ್ನಿ" ಅನ್ನಿ. ಅವರು ನಂಬುವ ಒಬ್ಬರು ಜೊತೆಗೇ ಹತ್ತಲಿ. ಸೈರನ್ ಬೇಕಿಲ್ಲದಿದ್ದರೆ ಆಫ್ ಮಾಡಿ. ಕನ್ನಡಕ, ಕಿವಿ ಮಿಷನ್, ಹಲ್ಲಿನ ಸೆಟ್ ಮರೆಯದೆ ತನ್ನಿ. ಅವು ಇಲ್ಲದೆ ಆಸ್ಪತ್ರೆಯಲ್ಲಿ ಎಚ್ಚರವಾದರೆ ಸರಿ ಇದ್ದವರಿಗೂ ಗೊಂದಲ ಆಗುತ್ತದೆ.

ಹೆಜ್ಜೆ 8: ಮೆಟ್ಟಿಲು ಮತ್ತು ಲಿಫ್ಟ್

ಸ್ಟ್ರೆಚರ್ ಹಿಡಿಯದ ಲಿಫ್ಟ್‌ಗಳು ಈ ಊರಲ್ಲಿ ಬೇಕಾದಷ್ಟಿವೆ. ಗಾಲಿಕುರ್ಚಿಯಲ್ಲಿ ಇಬ್ಬರು ಸೇರಿ ಎರಡು ಮಹಡಿ ಇಳಿಸುವುದನ್ನು ನಿಜವಾದ ಮೆಟ್ಟಿಲ ಮೇಲೆ ಮಾಡಿಸಿ, ಒಮ್ಮೆ ಅಲ್ಲ, ಹತ್ತು ಸಲ.

ಹೆಜ್ಜೆ 9: ಎಲ್ಲಿಗೆ, ಏನು ಹೇಳಿ ಒಪ್ಪಿಸುವುದು

ಹೃದಯಕ್ಕೆ ಜಯದೇವ, ತಲೆ ಏಟಿಗೆ ನಿಮ್ಹಾನ್ಸ್, ಮೂಳೆಗೆ ಸಂಜಯ್ ಗಾಂಧಿ ಅಂತ ಎಲ್ಲರಿಗೂ ಬಾಯಿಪಾಠ. ವಯಸ್ಸಾದವರ ತೊಂದರೆ ಮಾತ್ರ ಒಂದೇ ಇರುವುದಿಲ್ಲ. ಕಣ್ಣು ಕತ್ತಲೆ ಬಂದು ಬಿದ್ದು, ಸೊಂಟ ಮುರಿದು, ತಲೆಗೂ ಏಟಾದವರನ್ನು ಒಂದೇ ವಿಷಯದ ಆಸ್ಪತ್ರೆಗೆ ಒಯ್ದರೆ ಅಲ್ಲಿಂದ ಇನ್ನೊಂದಕ್ಕೆ ಓಡಬೇಕಾಗಬಹುದು. ಎಲ್ಲ ವಿಭಾಗ ಇರುವ ಕಡೆಗೆ, ಮೊದಲೇ ಫೋನ್ ಮಾಡಿ ಹೋಗುವುದು ಒಳ್ಳೆಯದು. ಅವರ ಹಳೇ ಫೈಲ್ ಇರುವ ಆಸ್ಪತ್ರೆ ಹತ್ತಿರದಲ್ಲೇ ಇದ್ದು, ಸೌಲಭ್ಯವೂ ಇದ್ದರೆ ಇನ್ನೂ ಒಳ್ಳೆಯದು.

ಒಪ್ಪಿಸುವಾಗ ಮೊದಲ ವಾಕ್ಯವೇ "ಮೊನ್ನೆ ಹೀಗಿದ್ದರು, ಇವತ್ತು ಹೀಗಿದ್ದಾರೆ" ಅಂತ ಇರಲಿ. ನಂಬರ್‌ಗಳು ಆಮೇಲೆ.

ಹೆಜ್ಜೆ 10: "ಆಸ್ಪತ್ರೆಗೆ ಬರಲ್ಲ"

ಬಹಳ ಜನ ಹೀಗನ್ನುತ್ತಾರೆ. ಖರ್ಚಿನ ಭಯ, ವಾಪಸ್ ಬರುವುದಿಲ್ಲ ಅನ್ನುವ ಭಯ, ಮಕ್ಕಳಿಗೆ ಹೊರೆಯಾಗುವ ಸಂಕೋಚ. ಯಾವುದು ಅಂತ ಕೇಳಿ, ಅದಕ್ಕೇ ಉತ್ತರ ಕೊಡಿ. ನಾವು ಹೇಳಿದ್ದು ಅವರಿಗೆ ಅರ್ಥವಾಗಿದೆಯಾ ಅಂತ ಅವರ ಬಾಯಿಂದಲೇ ಹೇಳಿಸಬೇಕು. ಅರ್ಥವಾಗಿದ್ದು, ಆದರೂ ಬೇಡ ಅಂದರೆ ಆ ನಿರ್ಧಾರ ಅವರದ್ದು. ಆದರೆ ನಡೆಯಿಸಿ ನೋಡದೆ ಬಿಟ್ಟು ಬರಬಾರದು. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲಿ. ಮಲಗಿದ್ದಾಗ ಒಮ್ಮೆ, ನಿಂತು ಮೂರು ನಿಮಿಷಕ್ಕೆ ಒಮ್ಮೆ ಬಿಪಿ ನೋಡಿ. ಮೇಲಿನದು 20 ಇಳಿದರೆ ಮತ್ತೆ ಬೀಳುವ ಸಾಧ್ಯತೆ ಇದೆ, ಇನ್ನೊಮ್ಮೆ ಒಪ್ಪಿಸಲು ಪ್ರಯತ್ನಿಸಿ. ಮನೆಯಲ್ಲಿ ಯಾರಾದರೂ ಜೊತೆಗಿರುವ ಏರ್ಪಾಡು ಮಾಡಿಯೇ ಹೊರಡಿ.

ಹೆಜ್ಜೆ 11: ಮನೆಯೊಳಗಿನ ಹಿಂಸೆ

ಹಳೇ ಮತ್ತು ಹೊಸ ಗಾಯ ಒಟ್ಟಿಗೆ, ತೋಳಿನ ಒಳಭಾಗದಲ್ಲಿ ಬೆರಳಿನ ಗುರುತು, ಹುಣ್ಣಾದ ಬೆನ್ನು, ಮಗ ಒಳಗೆ ಬಂದ ಕೂಡಲೇ ಮಾತು ನಿಲ್ಲಿಸುವ ತಾಯಿ. ಇವು ಕಂಡರೆ ಜಗಳ ತೆಗೆಯಬೇಡಿ. ರೋಗಿಯನ್ನು ಗಾಡಿಯೊಳಗೆ ಒಬ್ಬರೇ ಇದ್ದಾಗ ಮೆಲ್ಲಗೆ ಕೇಳಿ: "ಮನೇಲಿ ನಿಮ್ಮನ್ನ ಚೆನ್ನಾಗಿ ನೋಡ್ಕೋತಾರಾ ಅಮ್ಮಾ? ಯಾರಿಗಾದ್ರೂ ಹೆದರ್ತೀರಾ?" ಕಂಡಿದ್ದನ್ನು, ಅವರು ಹೇಳಿದ ಮಾತನ್ನು ಹಾಗೇ ಬರೆಯಿರಿ, ನಿಮ್ಮ ಊಹೆ ಬೇಡ. ಆಸ್ಪತ್ರೆಯ ಡಾಕ್ಟರಿಗೆ ತಿಳಿಸಿ. ಬೆಂಗಳೂರು ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ ನಡೆಸುವ ಹಿರಿಯರ ಸಹಾಯವಾಣಿ 1090 ಇದೆ. ದೇಶಕ್ಕೆಲ್ಲ ಇರುವ 14567 ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಸಿಗುತ್ತದೆ. ಜೀವಕ್ಕೆ ಅಪಾಯ ಇದ್ದರೆ ಯಾವ ಹೊತ್ತಿಗಾದರೂ 112. ವಯಸ್ಸಾದವರನ್ನು ಬೀದಿಪಾಲು ಮಾಡುವುದು ಹಿರಿಯ ನಾಗರಿಕರ ಪೋಷಣೆಗಾಗಿ ಇರುವ 2007ರ ಕಾಯ್ದೆಯಲ್ಲಿ ಶಿಕ್ಷೆ ಆಗುವ ಅಪರಾಧ, ಇದೂ ಸಿಬ್ಬಂದಿಗೆ ಗೊತ್ತಿರಲಿ.

ಕೊನೆಯ ದಿನದ ಪರೀಕ್ಷೆ, ಆಮೇಲಿನ ಮೂರು ತಿಂಗಳು

ಬರೆಯುವ ಪರೀಕ್ಷೆ ಬೇಡ. ನಟಿಸಲು ಬಂದ ಹಿರಿಯರೇ ಪರೀಕ್ಷಕರು. ಹತ್ತು ನಿಮಿಷದ ಕೇಸ್ ಮುಗಿದ ಮೇಲೆ ಅವರನ್ನೇ ಕೇಳಿ: ನಿಮ್ಮ ಮಾತು ಪೂರ್ತಿ ಕೇಳಿಸಿಕೊಂಡರಾ? ಎತ್ತುವ ಮುಂಚೆ ಹೇಳಿ ಎತ್ತಿದರಾ? ಎಲ್ಲಾದರೂ ನೋವಾಯ್ತಾ? ಡಬ್ಬಿ ತೆಗೆದು ನೋಡಿದರಾ?

ಕೇಸ್ ಶೀಟ್‌ನಲ್ಲಿ ಬಿಪಿ ಸಾಲಿನ ಮೇಲೆ ಒಂದು ಹೊಸ ಸಾಲು ಸೇರಿಸಿ: ‘ಮೊನ್ನೆ ಹೇಗಿದ್ದರು, ಯಾರು ಹೇಳಿದರು.’ ಮೂರು ತಿಂಗಳವರೆಗೆ ಪ್ರತಿ ವಾರ ಅರವತ್ತು ದಾಟಿದವರ ಹತ್ತು ಶೀಟ್ ತೆಗೆದು, ಆ ಸಾಲನ್ನು ಮಾತ್ರ ಓದಿ. ಖಾಲಿ ಬಿಟ್ಟವರನ್ನು ಬೈಯಬೇಡಿ. ಮುಂದಿನ ತಂಡದ ಮೊದಲ ದಿನಕ್ಕೆ ಕರೆದು, ಕನ್ನಡಕಕ್ಕೆ ಹಳದಿ ಕಾಗದ ಹಚ್ಚಿ, ಸ್ಟ್ರಿಪ್ ಕೈಗೆ ಕೊಡಿ.